ನಕ್ಷೆಗೆ ಹಣ ಕೇಳಿದ ಮೇಲೆಯೇ ಕೆಲಸ ಶುರುವಾಯಿತು: ನನ್ನ ಅನುಭವ

ಮೊದಲ ಸಲ ಅರ್ಜಿ ಹಾಕಿದಾಗ ನಮಗೆ ಹಣ ಸಿಗಲಿಲ್ಲ. ಅಮೆರಿಕದ ಮಾಂಟಾನಾ ರಾಜ್ಯದ ಈಶಾನ್ಯ ಮೂಲೆಯ ಶೆರಿಡನ್ ಕೌಂಟಿಯಲ್ಲಿ ಎಣ್ಣೆ ಬಾವಿಗಳ ಉಪ್ಪುನೀರು ಜೌಗು ಹೊಂಡಗಳಿಗೆ ಸೇರುತ್ತಿದೆ, ಬಾತುಗಳ ನೆಲೆ ಕೆಡುತ್ತಿದೆ, ನಾವು ನೀರಿನ ಮಾದರಿ ತೆಗೆದು ಪರೀಕ್ಷೆ ಮಾಡುತ್ತೇವೆ ಅಂತ ಪುಟಗಟ್ಟಲೆ ಬರೆದಿದ್ದೆ. ಬರೆದದ್ದೆಲ್ಲ ನಿಜವೇ. ಆದರೆ ನಾನು ಕೇಳಿದ್ದು ಎಡ್‌ಮ್ಯಾಪ್ ಹಣ. ಅಮೆರಿಕದ ಭೂವಿಜ್ಞಾನ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, ವಿದ್ಯಾರ್ಥಿಗಳಿಗೆ ಭೂವೈಜ್ಞಾನಿಕ ನಕ್ಷೆ ಮಾಡುವುದನ್ನು ಕಲಿಸಲೆಂದೇ ಕೊಡುವ ಹಣ ಅದು. ನನ್ನ ಅರ್ಜಿಯಲ್ಲಿ ನಕ್ಷೆಯ ಮಾತು ಕೊನೆಯ ಪುಟದಲ್ಲಿತ್ತು.

ಎರಡನೇ ಸಲ ಬರೆಯುವ ಮುಂಚೆ ನನ್ನನ್ನೇ ಕೇಳಿಕೊಂಡೆ: ಈ ಸಮಸ್ಯೆಗೆ ನಕ್ಷೆ ನಿಜವಾಗಿಯೂ ಬೇಕಾ? ಬೇಕೇ ಬೇಕು. ಯಾಕೆ ಅಂತ ಹೇಳುತ್ತೇನೆ.

ಈ ಸೀಮೆಗೆ ಪ್ರೇರಿ ಪಾಟ್‌ಹೋಲ್ ಪ್ರದೇಶ ಅನ್ನುತ್ತಾರೆ. ಹಿಮಯುಗದ ಕೊನೆಯಲ್ಲಿ ಹಿಮದ ಹಾಳೆ ಕರಗಿ ಹಿಂದೆ ಸರಿದಾಗ ಬಿಟ್ಟುಹೋದ ಸಾವಿರಾರು ಸಣ್ಣಪುಟ್ಟ ಹೊಂಡಗಳು ಇಲ್ಲಿವೆ. ಅವುಗಳ ಕೆಳಗೆಯೇ ವಿಲಿಸ್ಟನ್ ಬೇಸಿನ್ ಅನ್ನುವ, ಎಣ್ಣೆ ಇರುವ ಶಿಲಾಪದರಗಳ ದೊಡ್ಡ ತಗ್ಗು ಇದೆ. 1951ರಲ್ಲಿ ಪಕ್ಕದ ನಾರ್ತ್ ಡಕೋಟಾದ ಟಯೋಗಾ ಬಳಿ ಎಣ್ಣೆ ಸಿಕ್ಕಿತು, ಆಮೇಲೆ ಕೊರೆಯುವುದು ನಿಂತೇ ಇಲ್ಲ. ಎಣ್ಣೆಯ ಜೊತೆ ಮೇಲೆ ಬರುವ ನೀರಿನಲ್ಲಿ ಸಮುದ್ರದ ನೀರಿಗಿಂತ ಎಂಟು ಹತ್ತು ಪಟ್ಟು ಜಾಸ್ತಿ ಉಪ್ಪು ಇರಬಹುದು. ಆಳದ ಉಪ್ಪಿನ ಪದರಗಳನ್ನು ದಾಟಲು, ಬಾವಿ ಕೊರೆಯುವಾಗ ಒಳಗೆ ಬಿಡುವ ಕೆಸರಿಗೂ ಉಪ್ಪು ಬೆರೆಸುತ್ತಿದ್ದರು, ಕೆಲಸ ಮುಗಿದ ಮೇಲೆ ಆ ಕೆಸರನ್ನು ಬಾವಿಯ ಪಕ್ಕದ ಗುಂಡಿಯಲ್ಲೇ ಹೂಳುತ್ತಿದ್ದರು. ಜನ ಹೊಸ ಬಾವಿಗಳ ಬಗ್ಗೆಯೇ ಮಾತಾಡುತ್ತಾರೆ. ನನಗೆ ಹೆಚ್ಚು ಚಿಂತೆ ಈ ಹಳೇ ಗುಂಡಿಗಳದ್ದು, ಎಷ್ಟೋ ದಶಕ ಕಳೆದರೂ ಅವುಗಳಿಂದ ಉಪ್ಪು ಜಿನುಗುತ್ತಲೇ ಇರುತ್ತದೆ.

ಹಾಗೆ ಜಿನುಗಿದ ಉಪ್ಪು ಎಲ್ಲಿಗೆ ಹೋಗುತ್ತದೆ ಅನ್ನುವುದು ಮಣ್ಣಿನ ಮೇಲೆ ನಿಂತಿದೆ. ಹಿಮನದಿ ಮೆತ್ತಿಹೋದ ಜೇಡಿ ಮಿಶ್ರಿತ ಟಿಲ್ ಇದ್ದರೆ ಉಪ್ಪುನೀರು ತುಂಬ ನಿಧಾನ. ಅದೇ ಕರಗಿದ ನೀರು ಹೊತ್ತು ತಂದ ಮರಳು ಜಲ್ಲಿಯ ಔಟ್‌ವಾಶ್ ಇದ್ದರೆ ಸಲೀಸಾಗಿ ಹರಿದು ಹೊಂಡ ಸೇರುತ್ತದೆ. ಎರಡರ ಗಡಿ ಎಲ್ಲಿದೆ ಅಂತ ಗೊತ್ತಿಲ್ಲದೆ ನೀರಿನ ಮಾದರಿ ತೆಗೆದರೆ ಒಂದು ಹೊಂಡ ಕೆಟ್ಟಿದೆ, ಪಕ್ಕದ್ದು ಚೆನ್ನಾಗಿದೆ ಅಂತಷ್ಟೇ ತಿಳಿಯುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ. ಎರಡನೇ ಅರ್ಜಿಯ ಮೊದಲ ಪ್ಯಾರಾ ಇದೇ ಆಯಿತು: ಒಂದು ಕ್ವಾಡ್ರ್ಯಾಂಗಲ್ (ಒಂದು ನಕ್ಷೆಯ ಹಾಳೆಯಲ್ಲಿ ಬರುವಷ್ಟು ಪ್ರದೇಶ), 1:24,000 ಪ್ರಮಾಣ, ಟಿಲ್ ಎಲ್ಲಿ ಮುಗಿದು ಔಟ್‌ವಾಶ್ ಎಲ್ಲಿ ಶುರುವಾಗುತ್ತದೆ.

ಹಣದ ಲೆಕ್ಕಕ್ಕೆ ಬರೋಣ. ಅವರು ಕೊಡುವಷ್ಟೇ ಹಣವನ್ನು ವಿಶ್ವವಿದ್ಯಾಲಯವೂ ಹಾಕಬೇಕು, ಡಾಲರಿಗೆ ಡಾಲರ್. ನಗದೇ ಆಗಬೇಕಿಲ್ಲ, ನಾನು ಈ ಕೆಲಸಕ್ಕೆ ಕೊಡುವ ಸಮಯದ ಸಂಬಳವನ್ನೇ ನಮ್ಮ ಪಾಲಾಗಿ ತೋರಿಸಿದೆವು. ಇದಕ್ಕೆ ಸಹಿ ಹಾಕುವ ಕಚೇರಿಗೆ ಕನಿಷ್ಠ ಮೂರು ವಾರ ಮೊದಲೇ ಕಾಗದ ಕೊಡಿ, ಕೊನೇ ದಿನದವರೆಗೆ ಕಾಯಬೇಡಿ. ಈ ಪ್ರದೇಶದ ನಕ್ಷೆ ರಾಜ್ಯಕ್ಕೂ ಬೇಕಾಗಿದೆ ಅಂತ ರಾಜ್ಯದ ಭೂವಿಜ್ಞಾನಿಯ ಕಡೆಯಿಂದ ಪತ್ರವೂ ಬೇಕು. ನಾನು ಪತ್ರ ಕೇಳಲು ಹೋಗಲಿಲ್ಲ, ಎಲ್ಲಿ ನಕ್ಷೆ ಮಾಡಿದರೆ ನಿಮಗೆ ಉಪಯೋಗ ಅಂತ ಕೇಳಿದೆ. ಅವರು ತೋರಿಸಿದ ಜಾಗ ನಾನು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಪೂರ್ವಕ್ಕಿತ್ತು. ಸುಮ್ನೆ ಒಪ್ಪಿಕೊಂಡೆ, ಆ ಜಾಗವೇ ಒಳ್ಳೆಯದಿತ್ತು.

ನೀರಿನ ಪರೀಕ್ಷೆಯ ಖರ್ಚನ್ನು ಈ ಅರ್ಜಿಯಿಂದ ಪೂರ್ತಿ ಹೊರಗಿಟ್ಟೆವು. ಅದಕ್ಕೆ ನನ್ನ ವಿದ್ಯಾರ್ಥಿನಿ ಜಿಯಲಾಜಿಕಲ್ ಸೊಸೈಟಿ ಆಫ್ ಅಮೆರಿಕ ವಿದ್ಯಾರ್ಥಿಗಳಿಗೆ ಕೊಡುವ ಸಂಶೋಧನಾ ಅನುದಾನಕ್ಕೆ ಬೇರೆಯಾಗಿ ಬರೆದಳು. ಇಲ್ಲಿನ ಹೊಂಡಗಳಲ್ಲಿ ಸಹಜವಾಗಿಯೇ ಉಪ್ಪು ಇರುತ್ತದೆ, ಆದರೆ ಅದು ಬಹುಪಾಲು ಸಲ್ಫೇಟ್. ಎಣ್ಣೆ ಬಾವಿಯದ್ದು ಕ್ಲೋರೈಡ್. ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಲೋರೈಡ್ ಇದೆಯೋ ಅದನ್ನು ನೀರಿನ ವಿದ್ಯುತ್ ವಾಹಕತೆಯಿಂದ ಭಾಗಿಸಿದಾಗ 0.035ಕ್ಕಿಂತ ಜಾಸ್ತಿ ಬಂದರೆ ಎಣ್ಣೆ ಬಾವಿಯ ನೀರು ಸೇರಿದೆ ಅಂತ ಅರ್ಥ. ಈ ಅಳತೆಗೋಲು ಶೆರಿಡನ್ ಕೌಂಟಿಯಲ್ಲೇ 1990ರ ದಶಕದಲ್ಲಿ ಮಾಡಿದ ಅಧ್ಯಯನದಿಂದ ಬಂದದ್ದು. ಚಿಕ್ಕ ಅನುದಾನಕ್ಕೆ ಇಷ್ಟು ಸ್ಪಷ್ಟವಾದ ಪ್ರಶ್ನೆ ಸಾಕು.

ಬಜೆಟ್ಟಿನಲ್ಲಿ ನಾನು ಕಡಿಮೆ ಅಂದಾಜು ಮಾಡಿದ್ದು ಓಡಾಟವನ್ನು. ಜಮೀನೆಲ್ಲ ಬಹುತೇಕ ಖಾಸಗಿ. ಒಂದೊಂದು ಮನೆಗೂ ಹೋಗಿ ಕೂತು, ಏನು ಮಾಡುತ್ತೇವೆ, ಯಾಕೆ, ಫಲಿತಾಂಶ ಯಾರಿಗೆ ಹೋಗುತ್ತದೆ ಅಂತ ಹೇಳಿ ಅನುಮತಿ ಕೇಳಬೇಕು. ಕೆಲವರು ಬೇಡ ಅಂದರು. ಎಣ್ಣೆ ಕಂಪನಿಯಿಂದ ಅವರಿಗೆ ವರಮಾನವೂ ಇರುತ್ತದೆ, ಅವರ ಅಂಜಿಕೆ ಅರ್ಥವಾಗುವಂಥದ್ದೇ ಅಲ್ವಾ? ಒಬ್ಬ ವಯಸ್ಸಾದ ರೈತರು ಮಾತ್ರ ನಮ್ಮನ್ನು ನೇರವಾಗಿ ಗದ್ದೆಯ ಮಧ್ಯದ ಬೋಳು ಜಾಗಕ್ಕೆ ಕರೆದುಕೊಂಡು ಹೋಗಿ, ಇಲ್ಲಿ ಏನು ಬಿತ್ತಿದರೂ ಬರುವುದಿಲ್ಲ, ಅದರ ಕೆಳಗೆ ಏನಿದೆ ನೋಡಿ ಹೇಳಿ ಅಂದರು. ಕೈಯಿಂದ ತಿರುಗಿಸಿ ಮಣ್ಣು ಕೊರೆಯುವ ಆಗರ್ ಇಳಿಸಿದೆವು. ಸ್ವಲ್ಪ ಆಳಕ್ಕೆ ಹೋಗುವಷ್ಟರಲ್ಲಿ ಮರಳು ಸಿಕ್ಕಿತು.

ಆ ಮರಳಿನ ಪಟ್ಟಿಯನ್ನು ನನ್ನ ವಿದ್ಯಾರ್ಥಿನಿ ಹೊಂಡದ ದಂಡೆಯವರೆಗೆ ಹಿಡಿದುಕೊಂಡು ಹೋಗಿ ನಕ್ಷೆಗೆ ಏರಿಸಿದ್ದಾಳೆ. ಅದರ ಒಂದು ಪ್ರತಿಯನ್ನು ಆ ರೈತರ ಮನೆಗೆ ನಾವೇ ಕೊಟ್ಟು ಬಂದೆವು. ಪಟ್ಟಿ ಪಕ್ಕದ ಕ್ವಾಡ್ರ್ಯಾಂಗಲ್ಲಿಗೂ ಮುಂದುವರಿಯುತ್ತದೆ, ಅದಕ್ಕೆ ಅರ್ಜಿ ಬರೆಯುತ್ತಿದ್ದೇವೆ.