ಹೈಕೋರ್ಟ್ ಕ್ಲರ್ಕ್ ಕೆಲಸ ಮುಗಿದ ಮೇಲೆ ನಾನು ಕೆಲಸ ಹುಡುಕಿದ್ದು

ನಮ್ಮದು ಮಂಡ್ಯ ಪಕ್ಕದ ಹಳ್ಳಿ. ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯೊಬ್ಬರ ಬಳಿ ಲಾ ಕ್ಲರ್ಕ್ ಆಗಿ ಸೇರಿದೆ ಅಂದಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಐದ್ ವರ್ಷ ಲಾ ಓದಿ ಗುಮಾಸ್ತ ಆದ್ಯಾ?" ನಮ್ಮ ಕಡೆ ಕ್ಲರ್ಕ್ ಅಂದರೆ ವಕೀಲರ ಹಿಂದೆ ಫೈಲಿನ ಕಟ್ಟು ಹೊತ್ತು ಓಡಾಡುವವರು. ಪೂರ್ತಿ ಹೆಸರು 'ಲಾ ಕ್ಲರ್ಕ್ ಕಮ್ ರಿಸರ್ಚ್ ಅಸಿಸ್ಟೆಂಟ್' ಅಂತ ಬಿಡಿಸಿ ಹೇಳಿದೆ. ಅವರ ಮುಖ ಇನ್ನೂ ಸಪ್ಪಗಾಯ್ತು. ಅಸಿಸ್ಟೆಂಟ್ ಬೇರೆ!

ಕೆಲಸ ಮಾತ್ರ ನನಗೆ ತುಂಬಾ ಹಿಡಿಸಿತ್ತು. ನಾಳೆಯ ಪಟ್ಟಿಯಲ್ಲಿರುವ ಫೈಲುಗಳನ್ನು ಇವತ್ತೇ ಓದಬೇಕು. ಒಂದೊಂದಕ್ಕೂ ಒಂದು ಪುಟದ ಟಿಪ್ಪಣಿ. ಯಾರು ಬಂದಿದ್ದಾರೆ, ಏನು ಕೇಳುತ್ತಿದ್ದಾರೆ, ಕೆಳಗಿನ ಕೋರ್ಟು ಏನು ಹೇಳಿತ್ತು, ಮೇಲ್ಮನವಿ ತಡವಾಗಿದೆಯಾ. ಎಂಎಫ್‌ಎ ಅನ್ನುವ ಮೇಲ್ಮನವಿಗಳು, ಅದರಲ್ಲೂ ವಾಹನ ಅಪಘಾತದ ಪರಿಹಾರದವು, ಕಟ್ಟುಗಟ್ಟಲೆ ಬರುತ್ತಿದ್ದವು. ನ್ಯಾಯಮೂರ್ತಿಗಳು ಟಿಪ್ಪಣಿ ಓದುವಾಗ ಮೊದಲು ನೋಡುತ್ತಿದ್ದದ್ದು ತಾರೀಖುಗಳನ್ನು. ಒಮ್ಮೆ ನಾನು ಒಂದು ತಾರೀಖು ತಪ್ಪು ಬರೆದಿದ್ದೆ. ಅವರು ಬೈಯಲಿಲ್ಲ. ಅದಕ್ಕೆ ಪೆನ್ಸಿಲಿನಲ್ಲಿ ಸಣ್ಣ ಸುತ್ತು ಹಾಕಿ ಫೈಲು ವಾಪಸ್ ಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ಒಂದು ವರ್ಷದ ಅವಧಿ ಮುಗಿದದ್ದು 2020ರ ಜೂನ್‌ನಲ್ಲಿ. ಅದಕ್ಕಿಂತ ಕೆಟ್ಟ ಗಳಿಗೆ ಸಿಗುತ್ತಿರಲಿಲ್ಲ ಅನ್ನಿ.

ಕೊರೊನಾಗೆ ಎಲ್ಲರ ಕೆಲಸಕ್ಕೂ ಪೆಟ್ಟು ಬಿತ್ತು, ನಿಜ. ಆದರೆ ಲಾ ಫರ್ಮ್‌ಗಳ ವ್ಯಾಜ್ಯ ವಿಭಾಗಕ್ಕೆ ಬಿದ್ದ ಪೆಟ್ಟಿನ ಬಗೆಯೇ ಬೇರೆ. ಮಾರ್ಚ್ 15ರಿಂದ ಕೇಸು, ಮೇಲ್ಮನವಿ ಹಾಕುವ ಎಲ್ಲ ಕಾಲಮಿತಿಯನ್ನೂ ಸುಪ್ರೀಂ ಕೋರ್ಟ್ ವಿಸ್ತರಿಸಿತು. ಜನಕ್ಕೆ ಅದು ಒಳ್ಳೆಯದೇ. ಆದರೆ ಗಡುವು ಇಲ್ಲ ಅಂದರೆ ಕಕ್ಷಿದಾರ ವಕೀಲರ ಮನೆ ಬಾಗಿಲಿಗೆ ಬರುವುದಿಲ್ಲ, ಅಲ್ವಾ? 'ನೋಡೋಣ ಬಿಡಿ ಸಾರ್' ಅಂತಾನೆ. ಇನ್ನೊಂದು ಕಡೆ, ಬೆಂಗಳೂರಿನ ಹಲವು ಆಫೀಸುಗಳಿಗೆ ಅನ್ನ ಹಾಕುತ್ತಿದ್ದ ದಿವಾಳಿ ಸಂಹಿತೆಯ ಕೆಲಸ, ಅಂದರೆ ಸಾಲ ತೀರಿಸದ ಕಂಪನಿಗಳ ಮೇಲೆ ಅರ್ಜಿ ಹಾಕುವ ಕೆಲಸ, ಸೊರಗಿತು. ಅರ್ಜಿ ಹಾಕಲು ಬೇಕಾದ ಕನಿಷ್ಠ ಬಾಕಿ 1 ಲಕ್ಷ ಇದ್ದದ್ದು 1 ಕೋಟಿ ಆಯಿತು. 2020ರ ಮಾರ್ಚ್ 25ರಿಂದ ಒಂದು ವರ್ಷದೊಳಗೆ ಬಿದ್ದ ಬಾಕಿಗಳಿಗಂತೂ ಅರ್ಜಿಯೇ ಹಾಕುವಂತಿಲ್ಲ. ಇರುವವರಿಗೇ ಸಂಬಳ ಕಡಿತ ಮಾಡುತ್ತಿದ್ದವರು ನನ್ನನ್ನು ಯಾಕೆ ಕರೆದಾರು?

ಆದರೂ ಹೈಕೋರ್ಟ್ ಕ್ಲರ್ಕ್ ಅಂದರೆ ಬಾಗಿಲು ತೆರೆಯುತ್ತೆ ಅಂತ ನಂಬಿದ್ದೆ. ರೆಸ್ಯೂಮೆಯ ತಲೆಯ ಮೇಲೆ, ದಪ್ಪಕ್ಷರದಲ್ಲಿ, ನ್ಯಾಯಮೂರ್ತಿಗಳ ಹೆಸರು. ಅದನ್ನು 43 ಕಡೆ ಕಳಿಸಿದೆ. ಉತ್ತರ ಬಂದದ್ದು ಐದು ಕಡೆಯಿಂದ. ವಿಡಿಯೋದಲ್ಲಿ ಮಾತಾಡಿದ್ದು ಇಬ್ಬರು. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ತೆಂಗಿನಕಾಯಿ ಹಾಕುವ ಕೊಟ್ಟಿಗೆಯ ಪಕ್ಕ. ಶರ್ಟು, ಕೋಟು ಹಾಕಿಕೊಂಡು ಕೆಳಗೆ ಪಂಚೆಯಲ್ಲೇ ಕೂತಿದ್ದೆ.

"ಕ್ಲೈಂಟ್ ಜತೆ ಕೆಲಸ ಮಾಡಿದ್ದೀರಾ?"

"ಇಲ್ಲ ಸಾರ್."

"ಏನಾದ್ರೂ ಡ್ರಾಫ್ಟ್ ಮಾಡಿದ್ದೀರಾ?"

"ಟಿಪ್ಪಣಿಗಳನ್ನು ಬರೆದಿದ್ದೀನಿ."

"ಒಂದು ಕಳಿಸ್ತೀರಾ?"

"ಕಳಿಸೋ ಹಾಗಿಲ್ಲ ಸಾರ್. ಗೋಪ್ಯ."

ಅಲ್ಲಿಗೆ ಮುಗೀತು. ಅವರದೇನೂ ತಪ್ಪಿಲ್ಲ. ಕ್ಲರ್ಕ್ ಆಗಿದ್ದವರ ಸಂಕಟವೇ ಇದು. ವರ್ಷವಿಡೀ ಬರೆದ ಒಂದು ಸಾಲನ್ನೂ ಹೊರಗೆ ತೋರಿಸುವಂತಿಲ್ಲ. ಆ ಅವಧಿಯಲ್ಲಿ ವಕೀಲಿಕೆ ಮಾಡುವಂತಿಲ್ಲ, ಹಾಗಾಗಿ ಅದು ಅನುಭವದ ಲೆಕ್ಕಕ್ಕೂ ಸರಿಯಾಗಿ ಬರುವುದಿಲ್ಲ. ಕಾಲೇಜಿನಿಂದ ನೇರ ಬಂದವರ ಸಾಲಿಗೂ ಸೇರಲ್ಲ, ಎರಡು ಮೂರು ವರ್ಷ ಆಫೀಸಿನಲ್ಲಿ ದುಡಿದವರ ಸಾಲಿಗೂ ಸೇರಲ್ಲ. ಮಾರುಕಟ್ಟೆ ಚೆನ್ನಾಗಿದ್ದಾಗ ಇಂಥವರನ್ನು 'ಹುಡುಗ ಚುರುಕಿದ್ದಾನೆ, ಇರಲಿ' ಅಂತ ತಗೋತಾರೆ. ಕೆಟ್ಟಿದ್ದಾಗ 'ಇರಲಿ' ಅನ್ನುವುದಕ್ಕೆ ಯಾರ ಹತ್ತಿರವೂ ದುಡ್ಡಿರಲ್ಲ. ಒಂದು ಆಫೀಸಿನವರಂತೂ ಮೊದಲ ಆರು ತಿಂಗಳು ಸಂಬಳವಿಲ್ಲ ಅಂದರು. ಬೆಂಗಳೂರಿನ ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಕೇಳಿದ್ದಕ್ಕೆ ನಕ್ಕರು.

ಎರಡು ತಿಂಗಳು ಸುಮ್ನೆ ಅಪ್ಪನ ಜತೆ ಕಬ್ಬಿಗೆ ನೀರು ಕಟ್ಟಿದೆ. ಆಮೇಲೆ ಹೊಳೆದದ್ದು ಇಷ್ಟು: ಹಳೆಯ ಟಿಪ್ಪಣಿ ತೋರಿಸುವಂತಿಲ್ಲ, ಸರಿ. ಹೊಸದನ್ನು ಬರೆಯಲು ಯಾರ ಅಡ್ಡಿ?

ಆಗ ನಮ್ಮ ಊರುಗಳಲ್ಲೆಲ್ಲ ಬೆಂಗಳೂರು–ಮೈಸೂರು ಹೆದ್ದಾರಿಗೆ ಹೋದ ಜಮೀನಿನದೇ ಮಾತು. ಅದಕ್ಕೆ ಹೆದ್ದಾರಿ ಭೂಸ್ವಾಧೀನದ ಒಂದು ತೀರ್ಪನ್ನೇ ಎತ್ತಿಕೊಂಡೆ. 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತರ್ಸೇಮ್ ಸಿಂಗ್ ಪ್ರಕರಣದ ತೀರ್ಪು. ಹೆದ್ದಾರಿ ಕಾಯ್ದೆಯಡಿ ಜಮೀನು ಕಳಕೊಂಡವರಿಗೂ ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಹಣ) ಮತ್ತು ಬಡ್ಡಿ ಸಿಗಬೇಕು ಅಂದದ್ದು ಅದರಲ್ಲೇ. ಆ ತೀರ್ಪು ಇಟ್ಟುಕೊಂಡು ಮೂರು ಕಾಗದ ತಯಾರಿಸಿದೆ. ಮೊದಲನೆಯದು ತಾರೀಖುಗಳ ಪಟ್ಟಿ. ಎರಡನೆಯದು ರೈತನ ಪರ ಎರಡು ಪುಟ, ಮೂರನೆಯದು ಹೆದ್ದಾರಿ ಪ್ರಾಧಿಕಾರದ ಪರ ಎರಡು ಪುಟ. ಪ್ರಾಧಿಕಾರದ ಪರ ಬರೆಯುವಾಗ ಅಪ್ಪ ಪಕ್ಕದಲ್ಲೇ ಇದ್ದರು. ಅವರಿಗೆ ಹೇಳಲಿಲ್ಲ.

ರೆಸ್ಯೂಮೆಯನ್ನೂ ತಿರುವಿ ಹಾಕಿದೆ. ನ್ಯಾಯಮೂರ್ತಿಗಳ ಹೆಸರು ಕೆಳಗೆ ಹೋಯಿತು. ಎಂಥೆಂಥ ಫೈಲು ಓದಿದ್ದೇನೆ ಅನ್ನುವುದು ಮೇಲೆ ಬಂತು. ಜತೆಗೆ ಮೊದಲು ಬರೆಯಲು ನಾಚಿಕೆಪಟ್ಟಿದ್ದ ಒಂದು ಸಾಲು: 'ಕೈಬರಹದ ಕನ್ನಡ ಸಾಕ್ಷ್ಯ, ಹಳೆಯ ಪಹಣಿ, ಮ್ಯುಟೇಷನ್ ಓದಿ ಇಂಗ್ಲಿಷಿಗೆ ತರಬಲ್ಲೆ.' ಬೆಂಗಳೂರಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕೆಳಗಿನ ಕೋರ್ಟಿನ ದಾಖಲೆ ಕನ್ನಡದಲ್ಲಿ, ಹೈಕೋರ್ಟಿನ ವಾದ ಇಂಗ್ಲಿಷಿನಲ್ಲಿ. ನಡುವೆ ಯಾರೋ ಒಬ್ಬ ಬೇಕೇ ಬೇಕಲ್ಲ.

ಈ ಸಲ ಕಳಿಸಿದ್ದು ಬರೀ ಒಂಬತ್ತು ಕಡೆ. ಎಲ್ಲವೂ ವ್ಯಾಜ್ಯದ ಕೆಲಸ ಮಾಡುವ ಸಣ್ಣ ಆಫೀಸುಗಳು, ಆರು ಮೈಸೂರಿನವು. ಡಿಸೆಂಬರ್ ಕೊನೆಯಲ್ಲಿ ಮೈಸೂರಿನಿಂದ ಕರೆ ಬಂತು.

ಚಾಮರಾಜಪುರದಲ್ಲಿ ಹಳೆಯ ಮನೆ, ಎರಡು ಕೋಣೆ, ಐದು ಜನ ವಕೀಲರು. ಹಿರಿಯ ವಕೀಲೆ ನನ್ನ ಮೂರು ಕಾಗದ ಓದಿದ್ದರು, ಅಂಚಿನಲ್ಲಿ ಗೀಟು ಹಾಕಿದ್ದರು. ಏನೂ ಹೇಳದೆ ಕೆಂಪು ದಾರ ಕಟ್ಟಿದ ಫೈಲೊಂದನ್ನು ಮುಂದಿಟ್ಟು, "ಕಾಫಿ ಬರೋ ಅಷ್ಟರಲ್ಲಿ ಇದರಲ್ಲಿ ಜೀವ ಇದೆಯಾ ಹೇಳಿ" ಅಂದರು.

ಹೆದ್ದಾರಿಗೆ ಹೋದ ಜಮೀನು. ಪರಿಹಾರ ಸಾಲದು ಅಂತ ರೈತ ಮಧ್ಯಸ್ಥಗಾರರ (ಆರ್ಬಿಟ್ರೇಟರ್) ಮುಂದೆ ಹೋಗಿದ್ದಾನೆ. ಅವರ ತೀರ್ಪಿನ ತಾರೀಖು 12.11.2019. ಅದನ್ನು ಪ್ರಶ್ನಿಸಲು ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಕಾಯ್ದೆಯ ಸೆಕ್ಷನ್ 34ರಲ್ಲಿ ಮೂರು ತಿಂಗಳು, ಸಕಾರಣ ಇದ್ದರೆ ಮೇಲೆ ಮೂವತ್ತು ದಿನ. ಅಷ್ಟೇ, ಒಂದು ದಿನವೂ ಹೆಚ್ಚಿಲ್ಲ. ಬೆರಳು ಮಡಚಿ ಎಣಿಸಿದೆ. ಮೂರು ತಿಂಗಳಿಗೆ ಫೆಬ್ರುವರಿ 12. ಅಧಿಕ ವರ್ಷ, ಮೂವತ್ತು ದಿನ ಸೇರಿಸಿದರೆ ಮಾರ್ಚ್ 13. ಸುಪ್ರೀಂ ಕೋರ್ಟಿನ ವಿನಾಯಿತಿ ಶುರುವಾಗುವುದು ಮಾರ್ಚ್ 15ಕ್ಕೆ. ಎರಡು ದಿನದಲ್ಲಿ ಸತ್ತಿದೆ ಕೇಸು.

ಕಾಫಿ ಬಂತು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕ್ಲರ್ಕ್ ಆಗಿದ್ದಾಗಿನ ಚಾಳಿ, ಫೈಲನ್ನು ಹಿಂದಿನಿಂದ ತಿರುವಿದೆ. ಕೊನೆಯಲ್ಲಿ ಪಿನ್ ಹೊಡೆದಿದ್ದ ಕಂದು ಲಕೋಟೆ, ಒಂದು ಮೂಲೆಯಲ್ಲಿ ಎಣ್ಣೆ ಕಲೆ. ಅಂಚೆ ಮುದ್ರೆ ಮಸುಕಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. 24 ಜನವರಿ 2020. ಎಣಿಕೆ ಶುರುವಾಗುವುದು ತೀರ್ಪು ಬರೆದ ದಿನದಿಂದ ಅಲ್ಲ, ಸಹಿ ಮಾಡಿದ ಪ್ರತಿ ಕಕ್ಷಿದಾರನ ಕೈಗೆ ಸಿಕ್ಕಿದ ದಿನದಿಂದ. ಹಾಗಾದರೆ ಮೂರು ತಿಂಗಳು ಮುಗಿಯುವುದು ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ವಿನಾಯಿತಿ ಬಂದಾಗಿದೆ.

"ಇದೆ ಮೇಡಂ" ಅಂದೆ. "ಆದರೆ ಲಕೋಟೆಗೆ ಪಿನ್ ಹೊಡೀಬಾರದಿತ್ತು."

ಅವರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ನೋಡುತ್ತಿದ್ದದ್ದು ನನ್ನನ್ನು. ಪಿನ್ ಹೊಡೆದದ್ದೂ ಅವರೇ ಅಂತ ಆಮೇಲೆ ಗೊತ್ತಾಯ್ತು.

ತಿಂಗಳಿಗೆ 15,000 ಅಂದರು. ಒಪ್ಪಿಕೊಂಡೆ. 2024ರಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯ ವಕೀಲರಿಗೆ ನಗರದಲ್ಲಿ ಕನಿಷ್ಠ 20,000, ಹಳ್ಳಿ ಕಡೆ 15,000 ಕೊಡಿ ಅಂತ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಆ ಲೆಕ್ಕದಲ್ಲಿ ಕೊರೊನಾ ಕಾಲದಲ್ಲಿ ನನಗೆ ಸಿಕ್ಕಿದ್ದು ಕೆಟ್ಟದ್ದೇನಲ್ಲ.

ಸೇರಿದ ಮೇಲೆ ಎಡವಿದ್ದೂ ಕ್ಲರ್ಕ್ ಬುದ್ಧಿಯಿಂದಲೇ. ವರ್ಷವಿಡೀ ಎರಡೂ ಕಡೆ ತೂಗಿ ನೋಡಿದ ತಲೆ ಅದು. ಕಕ್ಷಿದಾರರು ಎದುರು ಕೂತರೆ ಮೊದಲು ಅವರ ಕೇಸಿನ ತೂತುಗಳನ್ನೇ ಹೇಳಿಬಿಡುತ್ತಿದ್ದೆ. ಶ್ರೀರಂಗಪಟ್ಟಣದಿಂದ ಬಂದಿದ್ದ ಒಬ್ಬರು ಎದ್ದೇ ಹೋದರು. "ತೀರ್ಪು ಕೊಡೋಕೆ ಅಲ್ಲಿ ಒಬ್ರಿದ್ದಾರೆ. ನೀವು ಇಲ್ಲಿ ಕೂತು ಕೊಡಬೇಡಿ" ಅಂತ ಮೇಡಂ ಗದರಿದರು. ಇನ್ನು ಕೋರ್ಟ್ ಶುಲ್ಕ ಎಷ್ಟು, ದೃಢೀಕೃತ ಪ್ರತಿಗೆ ಯಾವ ಕಿಟಕಿ, ಇದನ್ನೆಲ್ಲ ಕಲಿಸಿದ್ದು ಆಫೀಸಿನ ಗುಮಾಸ್ತರು. ದೊಡ್ಡಪ್ಪ ಹೀಗಳೆದ ಅದೇ ಗುಮಾಸ್ತರು. ಹೈಕೋರ್ಟಿನಲ್ಲಿ ಫೈಲು ನನ್ನ ಮೇಜಿಗೆ ತಾನಾಗಿ ಬರುತ್ತಿತ್ತು. ಅದು ಎಲ್ಲಿಂದ, ಎಷ್ಟು ಆಕ್ಷೇಪಣೆ ದಾಟಿ ಬರುತ್ತೆ ಅಂತ ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

2025ರ ಮೇ 20ರ ತೀರ್ಪಿನ ಮೇಲೆ ನಮ್ಮ ಆಫೀಸಿಗೆ ಕೆಲಸ ಕೇಳಿ ಬರುವ ಅರ್ಜಿಗಳ ಬಣ್ಣ ಸ್ವಲ್ಪ ಬದಲಾಗಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿತಲ್ಲ, ಲಾ ಕ್ಲರ್ಕ್ ಆಗಿದ್ದ ಅವಧಿಯೂ ಆ ಲೆಕ್ಕಕ್ಕೆ ಸೇರುತ್ತೆ ಅಂತಲೂ ಹೇಳಿತು. ಹಾಗಾಗಿ ಒಂದು ವರ್ಷ ಕ್ಲರ್ಕ್ ಆಗಿ, ಉಳಿದ ಎರಡು ವರ್ಷ ಎಲ್ಲಾದರೂ ಆಫೀಸಿನಲ್ಲಿ ಕಳೆದು ಪರೀಕ್ಷೆ ಬರೆಯೋಣ ಅನ್ನುವವರು ಬರುತ್ತಾರೆ. ಎರಡು ವರ್ಷಕ್ಕೆ ಹೋಗುವವರನ್ನು ಯಾಕೆ ತಗೋಬೇಕು ಅಂತ ನಮ್ಮಲ್ಲೇ ಇಬ್ಬರು ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಎರಡು ವರ್ಷ ಕೆಲಸ ಮಾಡುತ್ತಾರೋ, ಪರೀಕ್ಷೆಗೆ ಓದುತ್ತಾ ಕೂರುತ್ತಾರೋ ಅನ್ನುವುದೇ ನನ್ನ ಅನುಮಾನ.

ಈಗ ಅರ್ಜಿಗಳನ್ನು ಮೊದಲು ನೋಡುವವನು ನಾನೇ. ಹೋದ ತಿಂಗಳು ಒಬ್ಬಳು ಹುಡುಗಿ ಬಂದಿದ್ದಳು, ಕ್ಲರ್ಕ್ ಅವಧಿ ಮುಗಿಸಿದವಳು. ನ್ಯಾಯಮೂರ್ತಿಗಳ ಹೆಸರು ದಪ್ಪಕ್ಷರದಲ್ಲಿ, ತಲೆಯ ಮೇಲೆ. ಏನೂ ಅನ್ನದೆ ಆ ಹಳೆಯ ಫೈಲಿನ ಜೆರಾಕ್ಸನ್ನು ಮುಂದಿಟ್ಟು, ಕಾಫಿ ತರಿಸಿದೆ. ಅವಳು ಕಾಫಿ ಮುಟ್ಟಲಿಲ್ಲ. ಪುಟ ತಿರುವಿ ತಿರುವಿ, "ಸಾರ್, ಇದರಲ್ಲಿ ಲಕೋಟೆ ಇರಬೇಕಿತ್ತು, ಎಲ್ಲಿ?" ಅಂದಳು. ಜೆರಾಕ್ಸ್ ಮಾಡುವಾಗ ನಾನೇ ಅದನ್ನು ಬಿಟ್ಟಿದ್ದೆ.