ಎರೆ ಬಿಟ್ಟು ಮಸಾರಿ ಹಿಡಿದೆ: ಸರ್ರೆ ಗುಡ್ಡಗಳಲ್ಲಿ ನನ್ನ ಚಳಿಗಾಲದ ಸೈಕಲ್ ಸವಾರಿ

ಕಳೆದ ಚಳಿಗಾಲದಲ್ಲಿ, ನವೆಂಬರ್‌ನಿಂದ ಮಾರ್ಚ್‌ವರೆಗೆ, ಹದಿನಾರು ಭಾನುವಾರ ಸೈಕಲ್ ಹೊರಗೆ ತೆಗೆದೆ. ಅದರಲ್ಲಿ ಹದಿನಾಲ್ಕು ಸಲ ಇಂಗ್ಲೆಂಡಿನ ಸರ್ರೆಯಲ್ಲಿ, ಗಿಲ್ಫರ್ಡ್‌ನಿಂದ ಡಾರ್ಕಿಂಗ್‌ವರೆಗೆ ಕಾಡಿನ ದಾರಿ ಹಿಡಿದೇ ಹೋದೆ. ಆ ದಾರಿಯಲ್ಲಿ ಕೆಸರಿಗೆ ಸೋತು ಇಳಿದು ತಳ್ಳಿದ್ದು ಎರಡೇ ಕಡೆ. ಅದೇ ಹಳೆಯ ಗ್ರಾವೆಲ್ ಸೈಕಲ್ (ರಸ್ತೆ ಸೈಕಲ್‌ನಂಥದ್ದೇ, ಕಚ್ಚಾ ದಾರಿಗೆ ಅಂತ ದಪ್ಪ ಟೈರಿನದು), ಅದೇ 40 ಮಿ.ಮೀ. ಟೈರ್. "ಸರ್ರೆ ಹಿಲ್ಸ್‌ನಲ್ಲಿ ಗ್ರಾವೆಲ್ ಸೈಕಲ್ ಅಕ್ಟೋಬರ್‌ವರೆಗೆ ಅಷ್ಟೇ. ಆಮೇಲೆ ಮೌಂಟನ್ ಬೈಕ್ ತಗೋ, ಇಲ್ಲಾ ಟಾರ್ ರಸ್ತೆಗೆ ಹೋಗು" ಅಂತ ನಮ್ಮ ಗುಂಪಿನವರು ಮೂರು ವರ್ಷ ಹೇಳಿದ್ದರು. ಈಗ ಅವರಲ್ಲೇ ನಾಲ್ಕು ಜನ ನನ್ನ ಹಿಂದೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಚಳಿಗಾಲ ಪೂರ್ತಿ ಹಾಳಾಯಿತು. ಸೈಕಲ್ ಸೆಕೆಂಡ್ ಹ್ಯಾಂಡ್, 1,150 ಪೌಂಡ್ ಕೊಟ್ಟಿದ್ದೆ. ಹೊಸ ಹುರುಪು ಬೇರೆ. ಏರು ಕಡಿಮೆ ಇರುವ ಕಡೆ ಸುಲಭ ಅಲ್ವಾ ಅಂದುಕೊಂಡು ಲೀತ್ ಹಿಲ್ ಇಳಿದು ದಕ್ಷಿಣಕ್ಕೆ, ಆಕ್ಲಿ ಕಡೆಗೆ ಹೋದೆ. ನಕ್ಷೆಯಲ್ಲಿ ಚಪ್ಪಟೆ ನೆಲ, ಓಕ್ ಮರಗಳ ನಡುವೆ ನೇರ ಕುದುರೆ ದಾರಿ (ಬ್ರೈಡಲ್‌ವೇ). ಅದು ವೀಲ್ಡ್ ಜೇಡಿಮಣ್ಣಿನ ಬಯಲು ಅಂತ ನನಗೆ ಗೊತ್ತಿರಲಿಲ್ಲ. ಎರಡು ನೂರು ಮೀಟರ್ ಹೋಗುವಷ್ಟರಲ್ಲಿ ಟೈರಿಗೂ ಫೋರ್ಕಿಗೂ ನಡುವೆ ಮಣ್ಣು ತುಂಬಿ ಚಕ್ರ ನಿಂತೇ ಹೋಯಿತು. ಕೈಯಿಂದ ಕೆರೆದು ಮತ್ತೆ ತುಳಿದೆ. ಮಣ್ಣಿನ ಜೊತೆ ಒಂದು ಮರದ ಕಡ್ಡಿ ಒಳಗೆ ಹೋಗಿ, ಹಿಂದಿನ ಗೇರು ತೂಗುಹಾಕುವ ಹ್ಯಾಂಗರ್ ಮುರಿಯಿತು. ಗೇರು ಬದಲಿಸುವ ಡಿರೇಲರ್ ತಿರುಚಿ ಚಕ್ರದ ಕಡ್ಡಿಗಳ ಒಳಗೆ ಸಿಕ್ಕಿಕೊಂಡಿತು. ಹ್ಯಾಂಗರ್, ಡಿರೇಲರ್, ಚೈನು, ಕೂಲಿ, ಮನೆಗೆ ಬರಲು ಟ್ಯಾಕ್ಸಿ, ಎಲ್ಲಾ ಸೇರಿ 200 ಪೌಂಡ್ ದಾಟಿತು.

ಆಮೇಲೆ ಅಂಗಡಿಯವನ ಮಾತು ಕೇಳಿ 45 ಮಿ.ಮೀ.ನ ದೊಡ್ಡ ಗುಬುಟಿನ ಟೈರ್ ಹಾಕಿಸಿದೆ. ಜೋಡಿಗೆ 85 ಪೌಂಡ್. ಇನ್ನೂ ಕೆಟ್ಟಿತು. ನನ್ನ ಫ್ರೇಮಿನಲ್ಲಿ ಮೊದಲೇ ಸಂದು ಕಡಿಮೆ. ಟೈರ್ ದಪ್ಪ ಆದಷ್ಟೂ ಮಣ್ಣು ಬೇಗ ತುಂಬುತ್ತದೆ. ಇದನ್ನು ಯಾರೂ ಹೇಳಲಿಲ್ಲ. ಮಡ್‌ಗಾರ್ಡ್ ಹಾಕಿದರೆ ಬೀಚ್ ಮರದ ಎಲೆಗಳು ಸೇರಿ ಅಲ್ಲೂ ಅದೇ ಕಥೆ.

ಎರಡನೇ ಚಳಿಗಾಲ ನಾನು ಬುದ್ಧಿವಂತನಾದೆ ಅಂದುಕೊಂಡೆ. ಉತ್ತರದ ಸಾಲು, ನಾರ್ತ್ ಡೌನ್ಸ್, ಪೂರ್ತಿ ಸೀಮೆಸುಣ್ಣದ ಗುಡ್ಡ. ಸೀಮೆಸುಣ್ಣ ನೀರು ಇಂಗಿಸುತ್ತದೆ. ಹಾಗಾದರೆ ಗುಡ್ಡದ ನೆತ್ತಿ ಒಣಗಿರಬೇಕು. ಜನವರಿಯಲ್ಲಿ ರಾನ್‌ಮೋರ್ ಕಾಮನ್‌ಗೆ ಹತ್ತಿದೆ. ನೆತ್ತಿಯ ಮೇಲೆ ಮೊಣಕಾಲಿನ ಅರ್ಧದವರೆಗೆ ಕೆಸರು! ಅದರೊಳಗೆ ಚಕಮಕಿ ಕಲ್ಲುಗಳು. ಅವು ಒಡೆದಾಗ ಚಾಕುವಿನ ಹಾಗೆ. ಒಂದೇ ದಿನ ಹಿಂದಿನ ಟೈರ್ ಎರಡು ಕಡೆ ಸೀಳಿತು. ಟ್ಯೂಬ್‌ಲೆಸ್ ಹಾಲು (ತೂತು ತಾನೇ ಮುಚ್ಚಲಿ ಅಂತ ಟೈರಿನೊಳಗೆ ಹಾಕುವ ದ್ರವ) ಪೂರ್ತಿ ಚೆಲ್ಲಿತು, ಗಾಯ ಮುಚ್ಚಲಿಲ್ಲ. ಇಳಿಯುವಾಗ ಒದ್ದೆ ಸೀಮೆಸುಣ್ಣದ ಮೇಲೆ ಜಾರಿ ಬಿದ್ದೆ. ಒದ್ದೆ ಸೋಪಿನ ಮೇಲೆ ಕಾಲಿಟ್ಟ ಹಾಗೆ ಅದು. ಮೊಣಕೈ ಆರು ವಾರ ನೋಯಿತು.

ಆ ವಾರ ಊರಿಗೆ ಫೋನ್ ಮಾಡಿದ್ದೆ. ನಮ್ಮದು ಗದಗ ಕಡೆಯ ಹಳ್ಳಿ. ನಡೆದದ್ದನ್ನೆಲ್ಲಾ ಅಪ್ಪನಿಗೆ ಹೇಳಿದೆ. "ಎರಿ ಹೊಲದಾಗ ಸೈಕಲ್ ಹೊಡದಂಗ ಆತಲ್ಲೋ. ನಿಮ್ಮ ಅಜ್ಜ ಮಳಿಗಾಲದಾಗ ಎಂದರ ಎರಿ ಹಾದಿಗೆ ಗಾಡಿ ಬಿಟ್ಟಿದ್ರೇನು? ಸುತ್ತಾದ್ರೂ ಅಡ್ಡಿಲ್ಲ, ಮಸಾರಿ ಹಿಡಿ" ಅಂದರು. ಚಿಕ್ಕಂದಿನಲ್ಲಿ ಕಣ್ಣಾರೆ ಕಂಡದ್ದು. ಕಪ್ಪು ಎರೆಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಎತ್ತಿನ ಕಾಲೂ ಏಳುವುದಿಲ್ಲ. ಪಕ್ಕದ ಮಸಾರಿಯಲ್ಲಿ, ಅಂದರೆ ಮರಳು ಬೆರೆತ ಕೆಂಪು ಮಣ್ಣಿನಲ್ಲಿ, ಅದೇ ಮಳೆ ಬಿದ್ದು ಒಂದು ಗಂಟೆಗೆ ನಡೆಯಬಹುದು. ನಾನು ಎರಡು ವರ್ಷ ಟೈರ್ ನೋಡಿದೆ, ಏರಿಳಿತ ನೋಡಿದೆ, ಮಣ್ಣನ್ನು ಮಾತ್ರ ನೋಡಲೇ ಇಲ್ಲ.

ಅವತ್ತು ರಾತ್ರಿ ಬ್ರಿಟಿಷ್ ಜಿಯಾಲಾಜಿಕಲ್ ಸರ್ವೆಯ ಮಣ್ಣು-ಬಂಡೆಯ ನಕ್ಷೆ ತೆಗೆದು ಕೂತೆ. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಎರಡು ಪದರ ಇವೆ. ಒಂದು ಕೆಳಗಿನ ಬಂಡೆ, ಇನ್ನೊಂದು ಅದರ ಮೇಲೆ ಕೂತಿರುವ ಮಣ್ಣು. ಬಂಡೆಯ ಪದರ ಒಂದನ್ನೇ ನೋಡಿದರೆ ರಾನ್‌ಮೋರ್ ಸೀಮೆಸುಣ್ಣ. ಮೇಲಿನ ಪದರವನ್ನೂ ಹಾಕಿದರೆ ನೆತ್ತಿಯ ಮೇಲೆ ಚಕಮಕಿ ಬೆರೆತ ಜೇಡಿಮಣ್ಣಿನ ಟೋಪಿ ಕಾಣುತ್ತದೆ. ನನ್ನ ಟೈರ್ ಸೀಳಿದ್ದು ಆ ಟೋಪಿಯ ಮೇಲೆ. ದಯವಿಟ್ಟು ಎರಡೂ ಪದರ ಹಾಕಿ ನೋಡಿ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಸೀಮೆಸುಣ್ಣದ ಸಾಲಿಗೂ ದಕ್ಷಿಣದ ಜೇಡಿ ಬಯಲಿಗೂ ನಡುವೆ ಒಂದು ಪಟ್ಟಿ ಹೋಗುತ್ತದೆ. ಲೋವರ್ ಗ್ರೀನ್‌ಸ್ಯಾಂಡ್. ಹೆಸರು ಹಸಿರು ಮರಳು, ಕಣ್ಣಿಗೆ ಕಾಣುವುದು ಕಂದು, ಕೇಸರಿ. ಇದೇ ನನ್ನ ಮಸಾರಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 145, 146 ಎರಡೂ ಕಾಗದದ ನಕ್ಷೆ ಮೇಜಿನ ಮೇಲೆ ಹಾಸಿದೆ. ಮರಳಿನ ಪಟ್ಟಿಗೆ ಮಗಳ ಬಣ್ಣದ ಪೆನ್ಸಿಲ್‌ನಿಂದ ಹಳದಿ ತುಂಬಿದೆ. ಅದರ ಮೇಲೆ ಬೀಳುವ ಉದ್ದ ಹಸಿರು ಗೆರೆಯ ಕುದುರೆ ದಾರಿಗಳನ್ನು ಮಾತ್ರ ಜೋಡಿಸುತ್ತಾ ಹೋದೆ. ಮೂರು ರಾತ್ರಿ ಹಿಡಿಯಿತು. ಚಿಕ್ಕ ಗೆರೆಯ ಕಾಲುದಾರಿ ಎಷ್ಟೇ ಚೆನ್ನಾಗಿರಲಿ, ಮುಟ್ಟಲಿಲ್ಲ. ಅಲ್ಲಿ ನಮಗೆ ಹಕ್ಕಿಲ್ಲ. 1968ರ ಕಾಯ್ದೆ ಕುದುರೆ ದಾರಿಯಲ್ಲಿ ಸೈಕಲ್ಲಿಗೆ ಹಕ್ಕು ಕೊಟ್ಟಿದೆ, ಆದರೆ ನಡೆಯುವವರಿಗೆ, ಕುದುರೆಗೆ ನಾವೇ ದಾರಿ ಬಿಡಬೇಕು. ನಾನು ಕುದುರೆ ಕಂಡರೆ ದೂರದಿಂದಲೇ ನಿಂತು ಜೋರಾಗಿ ಮಾತಾಡಿಸುತ್ತೇನೆ. ಮನುಷ್ಯರ ದನಿ ಕೇಳಿದರೆ ಅವು ಬೆದರುವುದಿಲ್ಲ.

ದಾರಿ ಹೀಗಿದೆ. ಗಿಲ್ಫರ್ಡ್ ಸ್ಟೇಷನ್‌ನಿಂದ ಪೂರ್ವಕ್ಕೆ ಹೊರಟು ಸೇಂಟ್ ಮಾರ್ಥಾಸ್ ಗುಡ್ಡದ ಪಕ್ಕಕ್ಕೆ. ಅಲ್ಲಿಂದ ಡೌನ್ಸ್ ಲಿಂಕ್ ಅನ್ನುವ ದಾರಿ ಹಿಡಿದು ಚಿಲ್‌ವರ್ತ್‌ಗೆ ಇಳಿದು ಬ್ಲ್ಯಾಕ್‌ಹೀತ್. ಪೈನ್ ಮರ, ಹೀದರ್ ಪೊದೆ, ಕಾಲ ಕೆಳಗೆ ಬರೀ ಮರಳು. ಆಮೇಲೆ ಫಾರ್ಲಿ ಹೀತ್, ವಿಂಟರ್‌ಫೋಲ್ಡ್, ಪಿಚ್ ಹಿಲ್ ಪಕ್ಕದಿಂದ ಪೀಸ್‌ಲೇಕ್. ಅಲ್ಲಿನ ಊರಂಗಡಿಯ ಚೀಸ್ ಸ್ಟ್ರಾ ತಿನ್ನದೆ ಮುಂದೆ ಹೋದವರನ್ನು ನಾನು ನೋಡಿಲ್ಲ. ನಂತರ ಹೋಂಬರಿ ಹಿಲ್ 261 ಮೀಟರ್, ಲೀತ್ ಹಿಲ್ 294 ಮೀಟರ್, ಕೋಲ್ಡ್‌ಹಾರ್ಬರ್, ಕೊನೆಗೆ ಡಾರ್ಕಿಂಗ್. ಸುಮಾರು 40 ಕಿ.ಮೀ., ಏರು 800 ಮೀಟರ್ ಆಸುಪಾಸು. ನಿಧಾನವಾಗಿ ನಾಲ್ಕು ಗಂಟೆ. ವಾಪಸ್ ಬರಲು ನಾರ್ತ್ ಡೌನ್ಸ್ ಲೈನಿನ ರೈಲು. ಈ ನಡುವಿನ ಹರ್ಟ್‌ವುಡ್ ಕಾಡು ಖಾಸಗಿ ಜಮೀನು, ಆದರೂ 1926ರಿಂದ ಜನರ ಓಡಾಟಕ್ಕೆ ತೆರೆದಿದೆ. ದೇಖರೇಖೆ ಮಾಡುವುದು ದೇಣಿಗೆಯಿಂದ. ನಾನು ಪ್ರತಿ ವರ್ಷ 20 ಪೌಂಡ್ ಹಾಕುತ್ತೇನೆ, ನೀವೂ ಹಾಕಿ.

ಬ್ಲ್ಯಾಕ್‌ಹೀತ್ ದಾಟಿದ ಮೇಲೆ ಒಂದು ತಿರುವು ಇದೆ. ಎಲ್ಲರೂ ನೇರ ಹೋಗಿ ತೊರೆ ಪಕ್ಕದ ಕೆಸರಿನಲ್ಲಿ ಬೀಳುತ್ತಾರೆ. ನಾನು ಹೋಗುವುದು ಬೇರೆ ಕಡೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಚಿಕ್ಕ ದಾರಿ, ಜನ ಜಾಸ್ತಿ ಆದರೆ ಹಾಳಾಗುತ್ತದೆ. ನಕ್ಷೆಯ ಎರಡು ಪದರ ನೋಡಿದವರಿಗೆ ಸಿಕ್ಕೇ ಸಿಗುತ್ತದೆ.

ಇನ್ನೊಂದು ವಿಷಯ ನನಗೇ ಆಶ್ಚರ್ಯ ತಂದಿತು. ಈ ದಾರಿ ಆಗಸ್ಟ್‌ಗಿಂತ ಜನವರಿಯಲ್ಲಿ ಚೆನ್ನ. ಒಣ ಮರಳಿನಲ್ಲಿ ಮುಂದಿನ ಚಕ್ರ ಹೂತು ಅಡ್ಡ ತಿರುಗುತ್ತದೆ. ಒದ್ದೆ ಮರಳು ಗಟ್ಟಿಯಾಗಿ ಕೂತಿರುತ್ತದೆ. ಎರಡು ದಿನ ಮಳೆ ಬಂದು ಒಂದು ದಿನ ಬಿಟ್ಟ ಮೇಲೆ ಹೋಗಿ ನೋಡಿ. ಎಚ್ಚರ ಬೇಕಾದದ್ದು ಸವೆದು ಸವೆದು ತಗ್ಗಿಗೆ ಇಳಿದ ಹಳೆಯ ದಾರಿಗಳಲ್ಲಿ. ವುಲ್ವೆನ್ಸ್ ಲೇನ್‌ನಂಥ ಕಡೆ ಎರಡೂ ಬದಿ ದಿಬ್ಬ, ಬೇರುಗಳು, ನೀರು ಹರಿದು ಹೋಗಲು ಜಾಗವಿಲ್ಲ. ನಾನು ತಳ್ಳಿದ ಎರಡು ಕಡೆಯಲ್ಲಿ ಒಂದು ಅಲ್ಲೇ.

ಮರಳಿಗೂ ಅದರದೇ ಖರ್ಚಿದೆ. ರೆಸಿನ್ (ರಾಳದ) ಬ್ರೇಕ್ ಪ್ಯಾಡ್ ಮೂರು ಸವಾರಿಗೆ ಸವೆದು ತಗಡು ಕಂಡಿತು. ಸಿಂಟರ್ಡ್ (ಲೋಹದ ಪುಡಿಯ) ಪ್ಯಾಡ್ ಹಾಕಿದ ಮೇಲೆ ಚಳಿಗಾಲ ಪೂರ್ತಿ ಎರಡು ಜೋಡಿಯಲ್ಲಿ ಮುಗಿಯಿತು. ಸ್ವಲ್ಪ ಕಿರುಚುತ್ತದೆ, ಕಿರುಚಲಿ. ಪೆಡಲ್ ಬಳಿಯ ಹಲ್ಲುಚಕ್ರ, ಚೈನ್‌ರಿಂಗ್, 40 ಹಲ್ಲಿನದನ್ನು ತೆಗೆದು 36 ಹಾಕಿದೆ, ಹಿಂದೆ ದೊಡ್ಡದು 42. ಹೋಂಬರಿಯ ಏರಿಗೆ ಇದು ಬೇಕೇ ಬೇಕು. ಗಾಳಿ ಮುಂದೆ 28, ಹಿಂದೆ 32 ಪಿಎಸ್‌ಐ ಸುಮಾರು, ನನ್ನ ತೂಕ 74 ಕೆ.ಜಿ. ಟ್ಯೂಬ್‌ಲೆಸ್ ಹಾಲಿಗೆ ನಾನು ಒಂದು ಪುಡಿ ಬೆರೆಸುತ್ತೇನೆ. ಅದು ಇನ್ನೊಂದು ಚಳಿಗಾಲ ಗೆದ್ದ ಮೇಲೆ ಹೇಳುತ್ತೇನೆ.

ನಡುವೆ ಚೈನಿಗೆ ಮೇಣ ಹಾಕುವ ಪ್ರಯೋಗವೂ ಆಯಿತು. ಹಳೆಯ ರೈಸ್ ಕುಕ್ಕರ್‌ನಲ್ಲಿ ಪ್ಯಾರಾಫಿನ್ ಕರಗಿಸಿ ಚೈನು ಅದ್ದಿದೆ. ಬೇಸಿಗೆಯಲ್ಲಿ ಬಂಗಾರ. ಚಳಿಗಾಲದಲ್ಲಿ 40 ಕಿ.ಮೀ.ಗೆ ಕೀರಲು ಶುರು, ಮರುದಿನ ತುಕ್ಕು. ಮತ್ತೆ ಗಟ್ಟಿ ಎಣ್ಣೆಗೆ ಬಂದೆ. ವರ್ಷಕ್ಕೆ ಎರಡು ಚೈನು, 50 ಪೌಂಡ್, ಅಷ್ಟು ಹೋಗಲಿ.

ಮಣ್ಣಿನ ನಕ್ಷೆ ನೋಡಿ ದಾರಿ ಆರಿಸುವ ಈ ಪದ್ಧತಿ ನಿಜವೋ, ಬರೀ ಅದೃಷ್ಟವೋ ಅಂತ ಗುಂಪಿನಲ್ಲೊಬ್ಬರು ಕೇಳಿದರು. ಅದಕ್ಕೇ ಜನವರಿಯಲ್ಲಿ ಲಂಡನ್ನಿನ ವಾಯವ್ಯಕ್ಕಿರುವ ಚಿಲ್ಟರ್ನ್ಸ್ ಗುಡ್ಡಗಳಿಗೆ, ವೆಂಡೋವರ್ ಮೇಲಿನ ಬೀಚ್ ಮರಗಳ ಕಾಡಿಗೆ ಹೋದೆ. ಅಲ್ಲೂ ಸೀಮೆಸುಣ್ಣದ ಮೇಲೆ ಜೇಡಿ ಟೋಪಿ. ಎಲ್ಲಿ ಸಿಕ್ಕಿಕೊಳ್ಳುತ್ತೇನೆ ಅಂತ ಮೊದಲೇ ಮೂರು ಕಡೆ ಗುರುತು ಹಾಕಿ ಅವರಿಗೆ ಕಳಿಸಿದ್ದೆ. ಮೂರರಲ್ಲಿ ಮೂರೂ ಕಡೆ ಚಕ್ರ ನಿಂತಿತು! ಅಷ್ಟು ಕೆಸರಿನಲ್ಲಿ ನಿಂತು ಅಷ್ಟು ಖುಷಿಪಟ್ಟದ್ದು ನೆನಪಿಲ್ಲ. ಏಪ್ರಿಲ್ ಕೊನೆಯಲ್ಲಿ, ನೆಲ ಒಣಗಿದ ಮೇಲೆ ಅಲ್ಲಿಗೇ ಮತ್ತೆ ಹೋದೆ. ಬೀಚ್ ಮರಗಳ ಕೆಳಗೆ ನೀಲಿ ಬ್ಲೂಬೆಲ್ ಹಾಸು. ತುಳಿಯದೆ ದಾರಿಯಲ್ಲೇ ಹೋಗಿ.

ಫೆಬ್ರವರಿಯಲ್ಲಿ ಅದೇ ಮರಳಿನ ಪಟ್ಟಿಯನ್ನು ಪಶ್ಚಿಮಕ್ಕೆ ಹುಡುಕಿಕೊಂಡು ಹೈಂಡ್‌ಹೆಡ್‌ಗೆ ಹೋದೆ. 2011ರಲ್ಲಿ ಸುರಂಗ ಬಂದ ಮೇಲೆ ಡೆವಿಲ್ಸ್ ಪಂಚ್ ಬೌಲ್ ಅನ್ನುವ ಬೋಗುಣಿಯಂಥ ಕಣಿವೆಯ ಸುತ್ತಿನ ಹಳೆಯ ಎ3 ಹೆದ್ದಾರಿ ಮುಚ್ಚಿ ಹಸಿರಾಗಿದೆ. ಹಿಂದಿನ ರಾತ್ರಿ ಜೋರು ಮಳೆ. ಗುಂಪಿನ ಮೂವರು ಬರುವುದಿಲ್ಲ ಅಂದರು, ಒಬ್ಬರು ಬಂದರು. 32 ಕಿ.ಮೀ. ಒಂದು ಕಡೆಯೂ ಇಳಿಯಲಿಲ್ಲ. ಮನೆಗೆ ಬಂದು ಒಂದು ಬಕೆಟ್ ನೀರಿನಲ್ಲಿ ಸೈಕಲ್ ತೊಳೆದು ಮುಗಿಸಿದೆ.