ಡಿಸ್ಕ್ ಜಾರಿದೆಯೇ? ಆಪರೇಷನ್‌ಗೆ ಮುಂಚೆ ಮಾಡಬೇಕಾದ್ದು

ಸ್ಕ್ಯಾನ್ ವರದಿಯಲ್ಲಿ 'ಎಲ್ 4–ಎಲ್ 5 ಡಿಸ್ಕ್ ಬಲ್ಜ್' (ಸೊಂಟದ ನಾಲ್ಕನೇ, ಐದನೇ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಕಂಡರೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಹೆದರಬೇಡಿ. ಬೆನ್ನುನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐನಲ್ಲೂ ಇದೇ ಸಾಲು ಇರುತ್ತದೆ. ಡಿಸ್ಕಿನಿಂದ ಹೊರಬಂದು, ಕಾಲಿಗೆ ಹೋಗುವ ನರ ಒತ್ತಿ ಕಾಲುನೋವು ತರುವ ಮೆತ್ತನೆಯ ತಿರುಳನ್ನು ಎಷ್ಟೋ ಸಲ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ನೋವು ಇಳಿಯುತ್ತದೆ.

ಮೊದಲು ಅಪಾಯದ ಗುರುತು ನೋಡಿಕೊಳ್ಳಿ. ಮೂತ್ರ ಕಟ್ಟಿದೆಯೇ, ಗೊತ್ತಾಗದೆ ಹೋಗುತ್ತಿದೆಯೇ? ತೊಡೆಸಂದು, ಕೂರುವ ಜಾಗ ಮರಗಟ್ಟಿದೆಯೇ? ಪಾದ ಎತ್ತಲಾಗದೆ ಚಪ್ಪಲಿ ಕಳಚಿಬೀಳುತ್ತಿದೆಯೇ? ಒಂದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜೊತೆ ಜ್ವರ ಇದ್ದರೂ ಕಾಯಬೇಡಿ.

ಇವು ಯಾವುದೂ ಇಲ್ಲವೇ? ಹಾಗಾದರೆ ಒಂದೆರಡು ದಿನಕ್ಕಿಂತ ಜಾಸ್ತಿ ಮಲಗಬೇಡಿ. 'ಏಳಬೇಡ, ಮಲಗಿರು' ಎಂದು ಮನೆಯವರು ಹೇಳುವುದು ಪ್ರೀತಿಯಿಂದಲೇ. ಆದರೆ ಮಲಗಿದಷ್ಟೂ ಬೆನ್ನಿನ ಸ್ನಾಯು ಸೋಲುತ್ತದೆ. ಐದೈದು ನಿಮಿಷವಾದರೂ ಸರಿ, ದಿನಕ್ಕೆ ನಾಲ್ಕಾರು ಸಲ ನಡೆಯಿರಿ.

ಆಮೇಲೆ ವ್ಯಾಯಾಮ. ಗಟ್ಟಿ ಹಾಸಿಗೆಯ ಮೇಲೆ ಬೋರಲಾಗಿ ಎರಡು ನಿಮಿಷ ಮಲಗಿ. ಮೊಣಕೈ ಊರಿ ಎದೆ ಎತ್ತಿ, ಇನ್ನೆರಡು ನಿಮಿಷ ಹಾಗೇ ಇರಿ. ನಂತರ ಅಂಗೈ ಊರಿ, ಸೊಂಟ ಕೆಳಗೇ ಬಿಟ್ಟು, ಮೈಯ ಮೇಲ್ಭಾಗವನ್ನು ಹತ್ತು ಸಲ ಎತ್ತಿ ಇಳಿಸಿ. ನೋವು ಎತ್ತ ಸರಿಯುತ್ತಿದೆ ಎಂಬುದೇ ಇಲ್ಲಿ ಮುಖ್ಯ. ಮೀನಖಂಡದ ನೋವು ತೊಡೆಗೆ, ತೊಡೆಯಿಂದ ಸೊಂಟಕ್ಕೆ ಬಂದು ನಿಂತರೆ ಒಳ್ಳೆಯ ಲಕ್ಷಣ. ಸೊಂಟ ಸ್ವಲ್ಪ ಜಾಸ್ತಿ ನೊಂದರೂ ಗಾಬರಿ ಬೇಡ. ನೋವು ಕಾಲಿಗಿಳಿದರೆ ಅಲ್ಲಿಗೇ ನಿಲ್ಲಿಸಿ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಝಿಗೆ ಹಿಂದಕ್ಕೆ ಬಾಗುವ ಈ ವ್ಯಾಯಾಮ ಹೊಳೆದದ್ದು 1956ರಲ್ಲಿ, ಆಕಸ್ಮಿಕವಾಗಿ. ತಲೆಭಾಗ ಎತ್ತಿದ್ದ ಮಂಚದ ಮೇಲೆ ರೋಗಿಯೊಬ್ಬರು ತಪ್ಪಿ ಬೋರಲಾಗಿ ಮಲಗಿಬಿಟ್ಟಿದ್ದರು. ಏಳುವಷ್ಟರಲ್ಲಿ ಕಾಲುನೋವು ಮಾಯ! ಆದರೆ ವಯಸ್ಸಾಗಿ ನರದ ದಾರಿ ಕಿರಿದಾದವರಿಗೆ ಹಿಂದಕ್ಕೆ ಬಾಗುವುದು ಆಗಿಬರುವುದಿಲ್ಲ. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ.

ನೋವಿನ ಮಾತ್ರೆ ನಡೆದಾಡುವಷ್ಟು ಆರಾಮ ಕೊಡಬಹುದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿಪಿ ಇದ್ದರೆ ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ. ಕಾಲುನೋವು ತಡೆಯಲಾಗದಿದ್ದರೆ ವೈದ್ಯರು ನರದ ಬಳಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಅದು ಡಿಸ್ಕನ್ನು ಸರಿಮಾಡುವುದಿಲ್ಲ, ಊತ ಇಳಿಸಿ ಕೆಲವು ವಾರ ವ್ಯಾಯಾಮಕ್ಕೆ ಅನುವು ಮಾಡುತ್ತದೆ. ಟ್ರ್ಯಾಕ್ಷನ್‌ಗೆ (ಸೊಂಟವನ್ನು ಎಳೆದು ಹಿಡಿಯುವ ಚಿಕಿತ್ಸೆಗೆ) ದುಡ್ಡು ಸುರಿಯುವುದು ನನಗಂತೂ ಸರಿಕಾಣದು. ಲಾಭದ ಪುರಾವೆ ತೀರಾ ಕಡಿಮೆ. ಸೊಂಟದ ಬೆಲ್ಟ್ ಪ್ರಯಾಣಕ್ಕಷ್ಟೇ ಇರಲಿ.

ಬಿಂದಿಗೆ ಎತ್ತುವಾಗ ಮಂಡಿ ಮಡಚಿ, ಮೈಗೆ ಒತ್ತಿ ಹಿಡಿದು ಏಳಿ. ಪಕ್ಕಕ್ಕೆ ಮಲಗುವಾಗ ಮಂಡಿಗಳ ನಡುವೆ ದಿಂಬಿಡಿ. ಇಷ್ಟೆಲ್ಲ ಮಾಡಿಯೂ 6ರಿಂದ 12 ವಾರ ಕಾಲುನೋವು ಜಗ್ಗದಿದ್ದರೆ ಸರ್ಜನ್ ಬಳಿ ಮಾತಾಡಿ. ಕಾಲಿನ ಬಲ ಕುಗ್ಗುತ್ತಿದ್ದರೆ ಅಷ್ಟೂ ಕಾಯಬೇಡಿ.